ಕುಂಟೆಪಾಳ್ಯದ ಕೊನೆಯ ಮನೆ

ಸಂಘಮಿತ್ರ ಹುಟ್ಟಿದ್ದು ಹೊಸಕೋಟೆಯ ಕುಂಟೆಪಾಳ್ಯದಲ್ಲಿ. ಹದಿಮೂರು ವರ್ಷದವರೆಗೆ ಬೆಳೆದದ್ದೂ ಅಲ್ಲೇ. ಆಮೇಲೆ ಅವರ ಮನೆ ಅದೇ ಊರಿನ ಇನ್ನೊಂದು ತುದಿಗೆ, ಚಿಂತಾಮಣಿ ರಸ್ತೆಯ ಕಡೆಗೆ ಹೋಯಿತು. ನಡೆದರೆ ಅರ್ಧ ಗಂಟೆಯ ದಾರಿ. ಆದರೂ ಇಪ್ಪತ್ತೆಂಟು ವರ್ಷದಲ್ಲಿ ಅವಳು ಒಮ್ಮೆಯೂ ಕುಂಟೆಪಾಳ್ಯದೊಳಕ್ಕೆ ಕಾಲಿಟ್ಟಿರಲಿಲ್ಲ. ಹೋಗಬೇಡ ಎಂದು ಯಾರೂ ಹೇಳಿದ್ದಿಲ್ಲ. ಬಸ್ ಸ್ಟ್ಯಾಂಡಿಗೆ ಹೋಗುವಾಗ ಹತ್ತಿರವಾಗುತ್ತದೆಂದು ಆ ಕಡೆ ತಿರುಗಿದರೆ, ತಾಯಿ ಪಾಪಮ್ಮ ಮಾತ್ರ ಆ ಸಂದಿಗೊಂದಿಯಲ್ಲಿ ಯಾಕೆ, ದೊಡ್ಡ ರಸ್ತೆಯಲ್ಲೇ ಹೋಗೋಣ ಎನ್ನುತ್ತಿದ್ದಳು. ಅದು ಅಭ್ಯಾಸವಾಗಿಬಿಟ್ಟಿತ್ತು.

ಈ ಸಲದ ದಸರಾ ರಜೆಯಲ್ಲಿ ಮನೆ ಮನೆ ಸಮೀಕ್ಷೆಗೆ ಶಾಲೆಯ ಟೀಚರುಗಳನ್ನು ಹಾಕಿದರು. ಸಂಘಮಿತ್ರ ನಂದಗುಡಿ ಕಡೆಯ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಟೀಚರು. ಅವಳ ಪಾಲಿಗೆ ಬಂದ ಪಟ್ಟಿಯಲ್ಲಿ ನೂರ ನಲವತ್ತೆರಡು ಮನೆಗಳಿದ್ದವು, ಎಲ್ಲವೂ ಕುಂಟೆಪಾಳ್ಯದವು. ಒಂದೊಂದು ಮನೆಗೂ ಅದರ ಕರೆಂಟ್ ಮೀಟರಿನ ನಂಬರೇ ಗುರುತು. ಆ ಸಂಜೆ ವಿಷಯ ಹೇಳಿದಾಗ ಪಾಪಮ್ಮ ರಾಗಿಹಿಟ್ಟು ಜರಡಿ ಹಿಡಿಯುತ್ತ ಕೂತಿದ್ದಳು. ಕೈ ನಿಲ್ಲಿಸಿ, ಬೇರೆ ಬೀದಿಗೆ ಹಾಕಿಸಿಕೊಳ್ಳಲು ಆಗುವುದಿಲ್ಲವೇ ಎಂದು ಕೇಳಿದಳು. ಆಗುವುದಿಲ್ಲ ಎಂದಾಗ ಮತ್ತೆ ಜರಡಿ ಆಡಿಸತೊಡಗಿದಳು.

ಸಂಘಮಿತ್ರಳಿಗೆ ಮಾತ್ರ ಹೋಗುವುದು ಖುಷಿಯೇ ಆಗಿತ್ತು. ಅವಳ ನೆನಪಿನ ಕುಂಟೆಪಾಳ್ಯ ಅಂಗೈಯಷ್ಟು ಚಿಕ್ಕದು, ಅಂಗೈಯಷ್ಟೇ ಗೊತ್ತಿದ್ದದ್ದು. ನಡುವೆ ಕುಂಟೆ. ಅದರಲ್ಲಿ ನೀರಿರುತ್ತಿದ್ದದ್ದು ವರ್ಷಕ್ಕೆ ಮೂರು ತಿಂಗಳು. ಉಳಿದ ಕಾಲದಲ್ಲಿ ಹುಡುಗರು ಅದರ ತಳದಲ್ಲಿ ಚಿನ್ನಿದಾಂಡು ಆಡುತ್ತಿದ್ದರು. ಕುಂಟೆಯ ಆಚೆ ದಡದಲ್ಲಿ ವೆಂಕಟರಾಯಪ್ಪನವರ ಹಿಪ್ಪುನೇರಳೆ ತೋಟ. ಈಚೆ ದಡದಲ್ಲಿ ಅದೇ ವೆಂಕಟರಾಯಪ್ಪನವರು ಕಾರ್ಖಾನೆ ಕೆಲಸಗಾರರಿಗೆಂದು ಕಟ್ಟಿಸಿದ ವಠಾರ. ಎದುರುಬದುರಾಗಿ ನಾಲ್ಕು ನಾಲ್ಕು ಕೋಣೆ, ಮೇಲೆ ಶೀಟು, ನಡುವೆ ಒಂದು ಬಾವಿ, ಬಾವಿಯ ಪಕ್ಕ ಬಟ್ಟೆ ಒಗೆಯುವ ಎರಡು ಕಲ್ಲು. ಮಳೆ ಬಂದರೆ ಶೀಟಿನ ಸದ್ದಿಗೆ ಒಬ್ಬರ ಮಾತು ಒಬ್ಬರಿಗೆ ಕೇಳುತ್ತಿರಲಿಲ್ಲ. ಮಳೆ ಇಲ್ಲದಿದ್ದರೆ ಎಂಟೂ ಮನೆಯ ಮಾತು ಎಂಟೂ ಮನೆಗೆ ಕೇಳುತ್ತಿತ್ತು. ಯಾರ ಮನೆಯಲ್ಲಿ ಉಪ್ಸಾರು, ಯಾರ ಮನೆಯಲ್ಲಿ ಬಾಡು ಎಂದು ಮೂಗಿಗೇ ಗೊತ್ತಾಗುತ್ತಿತ್ತು.

ಆ ವಠಾರದಲ್ಲಿ ಸಂಘಮಿತ್ರಳ ಮನೆಯವರಿದ್ದ ಕೋಣೆಯ ನೇರ ಎದುರಿಗೆ ಹೂವಿನ ಸೊಣ್ಣಮ್ಮನ ಕೋಣೆ. ಗಂಡ ಬೇಗ ತೀರಿಕೊಂಡು, ಒಬ್ಬಳೇ ಮಗಳನ್ನು ಮಾಲೂರಿನ ಕಡೆ ಕೊಟ್ಟು, ಬಸ್ಸು ಹತ್ತಿ ಸುತ್ತಲಿನ ಊರುಗಳಲ್ಲಿ ಹೂವು ಮಾರಿ ಬದುಕುತ್ತಿದ್ದ ಹೆಂಗಸು. ಬೆಳಿಗ್ಗೆ ಹೊಸ್ತಿಲಲ್ಲಿ ಕಾಲು ಚಾಚಿ ಕೂತು ಕಾಕಡ ಕಟ್ಟುವಳು. ಸಂಘಮಿತ್ರಳಿಗೆ ಜಡೆ ಹಾಕುತ್ತಿದ್ದವಳು ಅವಳೇ. ಪಾಪಮ್ಮನೂ ಅವಳೂ ಒಂದೇ ಒರಳಿನಲ್ಲಿ ರುಬ್ಬಿ, ಒಂದೇ ಎಲೆಯಡಿಕೆ ಹಂಚಿಕೊಂಡು ತಿನ್ನುತ್ತಿದ್ದರು.

ಇದೆಲ್ಲ ಎಲ್ಲಿತ್ತು ಎಂದು ಮೊದಲ ದಿನ ಅವಳಿಗೆ ತಿಳಿಯಲೇ ಇಲ್ಲ. ಕುಂಟೆ ಇದ್ದ ಜಾಗದಲ್ಲಿ ನಾಲ್ಕು ಅಂತಸ್ತಿನ ಕಟ್ಟಡಗಳು ಭುಜಕ್ಕೆ ಭುಜ ತಾಗಿಸಿ ನಿಂತಿದ್ದವು. ನಡುವಿನ ಗಲ್ಲಿಗಳಲ್ಲಿ ಎರಡು ಬೈಕು ಎದುರಾದರೆ ಒಂದು ಯಾರದೋ ಮೆಟ್ಟಿಲ ಮೇಲೆ ಹತ್ತಬೇಕು. ತಲೆಯೆತ್ತಿದರೆ ಆಕಾಶಕ್ಕಿಂತ ಹೆಚ್ಚು ವೈರು. ಒಂದೊಂದು ಮಹಡಿಯಲ್ಲಿ ಐದಾರು ಬಾಡಿಗೆ ಕೋಣೆ, ಒಂದೊಂದರಲ್ಲಿ ನಾಲ್ಕೈದು ಜನ. ಒಡಿಶಾದವರು, ಬಿಹಾರದವರು, ರಾಯಚೂರಿನವರು, ಆಂಧ್ರದ ಗಡಿಯವರು. ರಾತ್ರಿ ಪಾಳಿಯವರು ಹಗಲು ಮಲಗಿದ್ದು, ಬಾಗಿಲು ತಟ್ಟಿದರೆ ಕಣ್ಣುಜ್ಜಿಕೊಂಡು ಬಂದು ಉತ್ತರ ಹೇಳುತ್ತಿದ್ದರು. ಊರು ಯಾವುದೆಂದು ಕೇಳಿದರೆ ಎಲ್ಲರೂ ಎಷ್ಟೋ ದೂರದ ಹೆಸರು ಹೇಳುತ್ತಿದ್ದರು. ಕುಂಟೆ ಎಂದರೆ ಏನು ಎಂದು ಅವರಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಹತ್ತು ದಿನದಲ್ಲಿ ನೂರ ನಲವತ್ತೊಂದು ಮನೆ ಮುಗಿದವು. ಒಂದು ಉಳಿಯಿತು. ಆ ಮೀಟರಿನ ನಂಬರು ಪಟ್ಟಿಯಲ್ಲಿತ್ತು, ಪ್ರತಿ ತಿಂಗಳೂ ಬಿಲ್ಲು ಆಗುತ್ತಿತ್ತು, ಮನೆ ಮಾತ್ರ ಸಿಗುತ್ತಿರಲಿಲ್ಲ. ಮೊಬೈಲಿನ ನಕ್ಷೆಯಲ್ಲಿ ಅದರ ಚುಕ್ಕೆ ಕಟ್ಟಡಗಳ ಮಧ್ಯದಲ್ಲಿ, ಯಾವ ಗಲ್ಲಿಯೂ ಮುಟ್ಟದ ಕಡೆ ಬೀಳುತ್ತಿತ್ತು. ಸುತ್ತಲಿನ ಮನೆಯವರನ್ನು ಕೇಳಿದರೆ ಹಿಂದೆ ಏನಿದೆಯೋ ಗೊತ್ತಿಲ್ಲ ಎಂದರು. ಒಬ್ಬರು ಅಲ್ಲಿ ನೀರಿನ ಟ್ಯಾಂಕು ಇರಬೇಕು ಎಂದರು.

ಕೊನೆಗೆ ಟೀ ಅಂಗಡಿಯವನು, ಪೋಸ್ಟ್‌ಮನ್ ಸಿದ್ದರಾಜಣ್ಣನನ್ನು ಕೇಳಿ ಎಂದ. ಮೂವತ್ತು ವರ್ಷ ಅದೇ ಬೀದಿಗಳಲ್ಲಿ ಸೈಕಲ್ಲು ತುಳಿದು ಈಗ ನಿವೃತ್ತನಾಗಿದ್ದ ಸಿದ್ದರಾಜು ಅಂಗಡಿಯ ಬೆಂಚಿನ ಮೇಲೆಯೇ ಪೇಪರು ಓದುತ್ತ ಕೂತಿದ್ದ. ನಂಬರನ್ನು ಕೇಳಿ ಅವನಿಗೇನೂ ತಿಳಿಯಲಿಲ್ಲ. ಚುಕ್ಕೆ ಎಲ್ಲಿ ಬೀಳುತ್ತದೆ ಎಂದು ಅವಳು ಕೈಮಾಡಿ ತೋರಿಸಿದ ಮೇಲೆ ನಕ್ಕ.

"ಅದು ವೆಂಕಟರಾಯಪ್ನೋರ ವಠಾರ ಕಣಮ್ಮ. ಒಂದ್ ಕೋಣೆ ಇನ್ನೂ ಇದೆ. ಬನ್ನಿ, ನೀವಾಗಿ ಹುಡುಕಿದ್ರೆ ಸಿಗಲ್ಲ."

ಸಂಘಮಿತ್ರ ಅಲ್ಲೇ ನಿಂತುಬಿಟ್ಟಳು. ವಠಾರ ಪೂರ್ತಿ ಒಡೆದುಹಾಕಿದರು ಎಂದೇ ಅವಳು ಇಷ್ಟು ವರ್ಷ ತಿಳಿದಿದ್ದಳು. ತಾನು ಮುನೀಂದ್ರನ ಮಗಳು ಎಂದಾಗ ಸಿದ್ದರಾಜು ಕನ್ನಡಕ ತೆಗೆದು ಅವಳನ್ನು ನೋಡಿದ. ಪೈಪು ಫ್ಯಾಕ್ಟರಿಯ ಮುನೀಂದ್ರನೇ ಎಂದು ಕೇಳಿದ. ಹೌದು, ತೀರಿಕೊಂಡು ನಾಲ್ಕು ವರ್ಷವಾಯಿತು ಎಂದಳು. ಅವನು ಪೇಪರು ಮಡಚಿ ಎದ್ದ.

ದಾರಿಯುದ್ದಕ್ಕೂ ಅವನು ಮಾತಾಡುತ್ತಲೇ ಹೋದ. ಅವನ ತಲೆಯಲ್ಲಿ ಕುಂಟೆಪಾಳ್ಯ ಒಂದರ ಮೇಲೊಂದು ಪದರವಾಗಿ ಕೂತಿತ್ತು. ಈಗ ಮೊಬೈಲ್ ಅಂಗಡಿ ಇರುವಲ್ಲಿ ವೆಂಕಟರಾಯಪ್ಪನವರ ಎತ್ತಿನ ಕೊಟ್ಟಿಗೆ. ಈ ತಿರುವಿನಲ್ಲಿ ರೇಷ್ಮೆಹುಳುವಿನ ಮನೆ. ಹಳೇ ಮದ್ರಾಸ್ ರಸ್ತೆಯ ಪಕ್ಕ ಕಾರ್ಖಾನೆಗಳು ಬರತೊಡಗಿದ ಮೇಲೆ ಮೊದಲು ತೋಟ ಸೈಟಾಯಿತು. ಆಮೇಲೆ ಸೈಟಿನ ಮಣ್ಣೆಲ್ಲ ತಂದು ಕುಂಟೆಗೆ ಸುರಿದರು, ಕುಂಟೆಯೂ ಸೈಟಾಯಿತು. ಗಲ್ಲಿಗಳನ್ನು ಹನ್ನೆರಡು ಅಡಿ ಬಿಟ್ಟಿದ್ದರು. ಒಬ್ಬ ಮೆಟ್ಟಿಲು ಮುಂದಕ್ಕೆ ಹಾಕಿದ, ಇನ್ನೊಬ್ಬ ಅದಕ್ಕೆ ಸಮ ಎಂದು ಗೋಡೆಯನ್ನೇ ಮುಂದಕ್ಕೆ ತಂದ. ಹಾಗೆ ಹನ್ನೆರಡು ಏಳಾಯಿತು, ಏಳು ಐದಾಯಿತು. ತಾನು ಕೆಲಸಕ್ಕೆ ಸೇರಿದಾಗ ಕುಂಟೆಪಾಳ್ಯಕ್ಕೆ ದಿನಕ್ಕೆ ಹತ್ತು ಕಾಗದ ಬರುತ್ತಿತ್ತು, ಹತ್ತೂ ಜನರ ಮುಖ ಗೊತ್ತಿತ್ತು. ನಿವೃತ್ತನಾಗುವ ಹೊತ್ತಿಗೆ ಮುನ್ನೂರು ಬರುತ್ತಿದ್ದವು, ಮುಖ ಒಂದೂ ಗೊತ್ತಿರಲಿಲ್ಲ ಎಂದ.

ನಡುವೆ ಒಮ್ಮೆ ಅವನು ಹೇಳಿದ್ದು ಮೊದಲು ಅವಳ ಕಿವಿಗೆ ಸರಿಯಾಗಿ ಬೀಳಲಿಲ್ಲ. ವಠಾರ ಒಡೆಯಬೇಕೆಂದು ವೆಂಕಟರಾಯಪ್ಪನವರು ಮನಸ್ಸು ಮಾಡಿದಾಗ ಎಂಟೂ ಮನೆಯವರು ಒಟ್ಟಾಗಿ ನಿಂತಿದ್ದರಂತೆ, ಬೇರೆ ಮನೆ ಸಿಗುವವರೆಗೆ ಯಾರೂ ಬಿಡುವುದಿಲ್ಲವೆಂದು. ಎಲ್ಲರ ಪರವಾಗಿ ಮಾತಾಡಿದವನು ಮುನೀಂದ್ರನೇ.

"ಆಮೇಲೆ ನಿಮ್ಮಪ್ಪನೇ ಮೊದ್ಲು ಖಾಲಿ ಮಾಡಿದ್ನಲ್ಲ, ಆಗ ಮಿಕ್ಕೋರಿಗೂ ಕೈಕಾಲು ಸೋತೋಯ್ತು. ಒಂದೊಂದೇ ಮನೆ ಎದ್ದೋದ್ವು" ಎಂದ ಸಿದ್ದರಾಜು. ಅವನ ದನಿಯಲ್ಲಿ ದೂರು ಇರಲಿಲ್ಲ, ಮಳೆ ಬಂದದ್ದನ್ನು ಹೇಳುವ ಹಾಗೆ ಹೇಳಿದ್ದ. ಮುಂದಿನ ತಿರುವಿನಲ್ಲಿ ಯಾವುದೋ ಬೇರೆ ಕಟ್ಟಡ ತೋರಿಸಿ ಬೇರೆ ಕಥೆ ಶುರುಮಾಡಿದ.

ಎರಡು ಎತ್ತರದ ಕಟ್ಟಡಗಳ ನಡುವೆ ಅವನು ನಿಂತ. ಕುಂಟೆಪಾಳ್ಯದಲ್ಲಿ ಗೋಡೆಗೆ ಗೋಡೆ ಅಂಟಿಕೊಂಡೇ ಇರುವುದು. ಇಲ್ಲಿ ಮಾತ್ರ ಎರಡಡಿ ಸಂದು ಇತ್ತು. ಎಡಗಡೆಯದು ವೆಂಕಟರಾಯಪ್ಪನವರ ಮಗ ದೇವರಾಜನ ಕಟ್ಟಡ. ಎರಡಡಿ ಜಾಗ ಬಿಟ್ಟು ಕಟ್ಟಿದನೆಂದು ಜನ ಅವನಿಗೆ ನಗುತ್ತಿದ್ದರಂತೆ. ಸಿದ್ದರಾಜು ಮುಂದೆ, ಅವಳು ಹಿಂದೆ, ಅಡ್ಡಡ್ಡ ನಡೆದು ಹೋದರು. ಬ್ಯಾಗು ಗೋಡೆಗೆ ಉಜ್ಜಿತು. ಕತ್ತಲೆ ಮುಗಿದದ್ದೇ ಒಂದು ಸಣ್ಣ ಅಂಗಳ ತೆರೆಯಿತು.

ಅವಳಿಗೆ ಮೊದಲು ಕಂಡದ್ದು ಬಾವಿ. ಮೇಲೆ ಕಬ್ಬಿಣದ ಜಾಲರಿ ಹಾಕಿದ್ದರು. ಕಟ್ಟೆಯ ಮೇಲೆ ಹಗ್ಗ ಉಜ್ಜಿ ಉಜ್ಜಿ ಬಿದ್ದಿದ್ದ ಗೀರುಗಳು ಹಾಗೇ ಇದ್ದವು. ಸುತ್ತ ನಾಲ್ಕೂ ಕಡೆ ಕಟ್ಟಡಗಳ ಬೆನ್ನು, ಕಿಟಕಿ, ಒಣಗಲು ಹಾಕಿದ ಬಟ್ಟೆ. ಎಂಟರಲ್ಲಿ ಉಳಿದಿದ್ದದ್ದು ಒಂದೇ ಕೋಣೆ. ಅದರ ಹೊಸ್ತಿಲಲ್ಲಿ ಕಾಲು ಚಾಚಿ ಕೂತಿದ್ದ ಮುದುಕಿ ಬಾಳೆನಾರಿನಲ್ಲಿ ಸೇವಂತಿಗೆ ಕಟ್ಟುತ್ತಿದ್ದಳು. ತಲೆ ಪೂರ್ತಿ ಬೆಳ್ಳಗಾಗಿತ್ತು, ಬೆರಳು ಮಾತ್ರ ಹಿಂದಿನ ಹಾಗೆಯೇ ಓಡುತ್ತಿತ್ತು.

"ಸೊಣ್ಣಕ್ಕ, ಸಮೀಕ್ಷೆ ಟೀಚರು ಬಂದವ್ರೆ" ಎಂದು ಸಿದ್ದರಾಜು ಕೂಗಿ, ಅವಳು ಯಾರೆಂದು ಹೇಳದೆ ಹಿಂದಿರುಗಿದ. ಅದನ್ನು ಅವನು ಬೇಕೆಂದೇ ಅವಳಿಗೆ ಬಿಟ್ಟನೋ ಏನೋ.

ಸಂಘಮಿತ್ರ ಮೊಬೈಲು ತೆಗೆದಳು. ತಾನು ಯಾರೆಂದು ಹೇಳುವ ಬದಲು ಪ್ರಶ್ನೆಗಳನ್ನೇ ಕೇಳಿದಳು. ಹೆಸರು, ವಯಸ್ಸು, ಮನೆಯಲ್ಲಿ ಎಷ್ಟು ಜನ. ಸೊಣ್ಣಮ್ಮ ಎಪ್ಪತ್ತೆರಡೋ ಮೂರೋ ಬರೆದುಕೊಳ್ಳಿ ಎಂದಳು. ಒಬ್ಬಳೇ ಎಂದಳು. ಇಲ್ಲಿ ಎಷ್ಟು ವರ್ಷದಿಂದ ಇದ್ದೀರಿ ಎಂದು ಕೇಳಿದಾಗ ಹೂವು ಕೆಳಗಿಟ್ಟು ಲೆಕ್ಕ ಹಾಕಿ, ನಲವತ್ಮೂರು ಎಂದಳು. ಆಮೇಲೆ ತಲೆಯೆತ್ತಿ ಅವಳ ಮುಖ ನೋಡಿದಳು. ಬಹಳ ಹೊತ್ತು ನೋಡಿದಳು.

"ಬೈತಲೆ ಇನ್ನೂ ಸೊಟ್ಟಕ್ಕೇ ತೆಗೀತೀಯಲ್ಲೇ, ಸಂಗಮ್ಮ."

ಸಂಘಮಿತ್ರ ಎಂಬ ಹೆಸರನ್ನು ಸೊಣ್ಣಮ್ಮನಿಂದ ಯಾವತ್ತೂ ಪೂರ್ತಿ ಹೇಳಲಾಗಿರಲಿಲ್ಲ. ಸಂಗಮ್ಮ ಎಂದೇ ಕರೆಯುತ್ತಿದ್ದಳು. ಇಪ್ಪತ್ತೆಂಟು ವರ್ಷದಲ್ಲಿ ಆ ಹೆಸರಿನಿಂದ ಅವಳನ್ನು ಯಾರೂ ಕರೆದಿರಲಿಲ್ಲ. ಸಂಘಮಿತ್ರ ಅಲ್ಲೇ ಒಗೆಯುವ ಕಲ್ಲಿನ ಮೇಲೆ ಕೂತು ಸೆರಗಿನಿಂದ ಕಣ್ಣೊರೆಸಿಕೊಂಡಳು. ಸೊಣ್ಣಮ್ಮ ಅಳಲಿಲ್ಲ. ಎದ್ದು ಹೋಗಿ ಲೋಟದಲ್ಲಿ ನೀರು ತಂದುಕೊಟ್ಟಳು.

ಆ ಮಧ್ಯಾಹ್ನ ಸೊಣ್ಣಮ್ಮ ಹೇಳಿದ್ದೆಲ್ಲ ತನ್ನ ವಿಷಯ. ಉಳಿದ ಮನೆಗಳು ಖಾಲಿಯಾದ ಮೇಲೂ ತಾನು ಹೋಗಲಿಲ್ಲ. ಹೂವಿನವಳಿಗೆ ಬಸ್ ಸ್ಟ್ಯಾಂಡು ಹತ್ತಿರವಿರಬೇಕು, ಹೋಗುವುದಾದರೂ ಎಲ್ಲಿಗೆ. ವೆಂಕಟರಾಯಪ್ಪನವರು ಎರಡು ಸಲ ಬಾಗಿಲಲ್ಲಿ ನಿಂತು ಕೂಗಾಡಿದರು. ಆಮೇಲೆ ಅವರಿಗೇ ಸಾಕಾಗಿ ಸುಮ್ಮನಾದರು. ಅವರು ತೀರಿಕೊಂಡ ಮೇಲೆ ಅವರ ಹೆಂಡತಿ ಪಿಳ್ಳಮ್ಮ ಹಾಸಿಗೆ ಹಿಡಿದರು. ಮೂರು ವರ್ಷ ಅವರಿಗೆ ಮೈ ತೊಳೆದು, ಗಂಜಿ ಕುಡಿಸಿ, ತಲೆ ಬಾಚಿದವಳು ಸೊಣ್ಣಮ್ಮ. ಪಿಳ್ಳಮ್ಮ ಸಾಯುವ ಮುಂಚೆ ಮಗನನ್ನು ಕರೆದು, ಇವಳ ದಾರಿ ಮುಚ್ಚಬೇಡ ಕಣೋ ಎಂದರಂತೆ. ದೇವರಾಜ ಮನೆ ಕಟ್ಟುವಾಗ ಆ ಎರಡಡಿ ಬಿಟ್ಟ.

ಮುನೀಂದ್ರನ ಬಗ್ಗೆ ಸೊಣ್ಣಮ್ಮ ಮಾತೇ ಎತ್ತಲಿಲ್ಲ. ಅಮ್ಮ ಹೇಗಿದ್ದಾಳೆ ಎಂದೂ ಕೇಳಲಿಲ್ಲ. ಅದೇ ಸಂಘಮಿತ್ರಳನ್ನು ಕಾಡಿತು. ಹೊರಡುವಾಗ ಸೊಣ್ಣಮ್ಮ ಒಂದು ಮೊಳ ಸೇವಂತಿಗೆ ಕೊಟ್ಟಳು. ಯಾರಿಗೆ ಎಂದು ಹೇಳಲಿಲ್ಲ.

ಮನೆಗೆ ಬಂದು ಅವಳು ಹೂವನ್ನು ಪಾಪಮ್ಮನ ಮುಂದಿಟ್ಟಳು. ಎಲ್ಲಿಂದ ತಂದೆ ಎಂದು ಪಾಪಮ್ಮ ಕೇಳಲಿಲ್ಲ. ಹೂವನ್ನು ಎತ್ತಿ, ಗಂಟುಗಳನ್ನು ಬೆರಳಿನಿಂದ ಮುಟ್ಟಿ ನೋಡಿದಳು.

"ಇದ್ದಾಳಾ?" ಎಂದಳು.

"ಅಲ್ಲೇ ಇದ್ದಾಳೆ. ಅದೇ ಕೋಣೆಯಲ್ಲಿ. ಅಮ್ಮ, ಅಪ್ಪ ಮೊದಲು ಖಾಲಿ ಮಾಡಿದ್ರಂತೆ. ನಂಗ್ಯಾಕೆ ಹೇಳ್ಲಿಲ್ಲ?"

ಪಾಪಮ್ಮ ಆಗ ಹೇಳಿದಳು. ಒಂದೇ ಉಸಿರಿಗೆ ಹೇಳಲಿಲ್ಲ. ನಡುನಡುವೆ ಎದ್ದು ಒಲೆ ನೋಡಿ ಬಂದಳು, ಬಾಗಿಲು ಹಾಕಿ ಬಂದಳು.

ಮದುವೆಯಾದ ಹೊಸದರಲ್ಲಿ ಅವರಿಬ್ಬರೂ ಸಾಸಲು ಕಡೆಯಿಂದ ಹೊಸಕೋಟೆಗೆ ಬಂದಾಗ ಮೂರು ಬೀದಿಯಲ್ಲಿ ಮನೆ ಕೇಳಿದ್ದರು. ಎಲ್ಲ ಕಡೆಯೂ ನೀವು ಯಾವ ಜನ ಎಂದು ಕೇಳಿ, ಆಮೇಲೆ ಮನೆ ಖಾಲಿಯಿಲ್ಲ ಎಂದರು. ವೆಂಕಟರಾಯಪ್ಪನವರೂ ಕೇಳಿದರು. ಮುನೀಂದ್ರ ಇದ್ದದ್ದನ್ನೇ ಹೇಳಿದ. ಅವರು ಸ್ವಲ್ಪ ಯೋಚಿಸಿ ಬೀಗದ ಕೈ ಕೊಟ್ಟರು. ಆದರೆ ವಠಾರದಲ್ಲಿ ಮೊದಲ ವಾರ ಬಾವಿಯ ಹತ್ತಿರ ಪಾಪಮ್ಮ ಬಂದರೆ ಉಳಿದ ಹೆಂಗಸರು ಕೊಡ ಎತ್ತಿಕೊಂಡು ಸರಿದು ನಿಲ್ಲುತ್ತಿದ್ದರು. ಎಂಟನೆಯ ದಿನ ಸೊಣ್ಣಮ್ಮ ಎಲ್ಲರ ಎದುರಿಗೆ ಹಗ್ಗವನ್ನು ಪಾಪಮ್ಮನ ಕೈಗೆ ಕೊಟ್ಟು, ನಂಗೆ ಸೊಂಟ ನೋವು, ನನ್ನ ಕೊಡಕ್ಕೂ ಸೇದಿಹಾಕು ಎಂದಳು. ಪಾಪಮ್ಮ ಸೇದಿದ ನೀರನ್ನು ಸೊಣ್ಣಮ್ಮ ಹೊತ್ತುಕೊಂಡು ಹೋಗಿ ಅನ್ನಕ್ಕಿಟ್ಟಳು. ಅಲ್ಲಿಗೆ ಆ ಮಾತು ಮುಗಿಯಿತು.

ವಠಾರ ಬಿಡಿಸುವ ಗಲಾಟೆಯ ಕಾಲಕ್ಕೆ ವೆಂಕಟರಾಯಪ್ಪನವರು ಮುನೀಂದ್ರನನ್ನು ಒಬ್ಬನನ್ನೇ ಕರೆಸಿದರು. ಚಿಂತಾಮಣಿ ರಸ್ತೆಯ ಕಡೆ ತಾವು ಮಾಡುತ್ತಿದ್ದ ಹೊಸ ಬಡಾವಣೆಯಲ್ಲಿ ಮೂಲೆಯ ಒಂದು ಸೈಟು, ನಿನ್ನ ಹೆಸರಿಗೆ ಬರೆದುಕೊಡುತ್ತೇನೆ, ನೀನು ಮೊದಲು ಎದ್ದರೆ ಸಾಕು ಎಂದರು. ಮುನೀಂದ್ರ ಎರಡು ದಿನ ಊಟ ಮಾಡಲಿಲ್ಲ. ಮೂರನೆಯ ದಿನ ಒಪ್ಪಿಕೊಂಡ. ತನ್ನ ಅಪ್ಪನಾಗಲಿ ತಾತನಾಗಲಿ ತಮ್ಮದೆಂದು ಹೇಳಿಕೊಳ್ಳುವ ನೆಲ ಕಂಡವರಲ್ಲ ಎಂದು ಅವನು ಹೆಂಡತಿಗೆ ಹೇಳಿದ್ದನಂತೆ. ಮಗಳು ರಜೆಗೆ ಸಾಸಲಿಗೆ ಹೋಗಿದ್ದಾಗ ಒಂದು ಭಾನುವಾರ ಬೆಳಿಗ್ಗೆ, ಸೊಣ್ಣಮ್ಮ ಹೂವು ಮಾರಲು ಹೋದ ಹೊತ್ತು ನೋಡಿ ಸಾಮಾನು ಗಾಡಿಗೆ ಹಾಕಿದರು.

"ನಾನೇ ಹೇಳಿದ್ದು ಅವ್ಳು ಇಲ್ದಾಗ ಹೋಗಾಣ ಅಂತ" ಎಂದಳು ಪಾಪಮ್ಮ. "ಅವಳ ಮುಖ ನೋಡೋ ಧೈರ್ಯ ಇರ್ಲಿಲ್ಲ. ಆಮೇಲೆ ದಿನ ಹೋದಂಗೆಲ್ಲ ಹೋಗೋದೇ ಕಷ್ಟ ಆಯ್ತು. ಒಂದ್ ವರ್ಷಕ್ಕೆ ಹೋಗ್ಬೋದಿತ್ತು. ಹತ್ ವರ್ಷಕ್ಕೆ ಹೆಂಗೆ ಹೋಗ್ಲಿ?"

ಸಂಘಮಿತ್ರಳಿಗೆ ಅಪ್ಪನ ಮೇಲೆ ಕೋಪ ಬಂತು. ಅದು ಬಂದ ಹಾಗೆಯೇ ಕರಗಿಯೂ ಹೋಯಿತು. ಈ ಮನೆಯ ಪಾಯಕ್ಕೆ ಅವನು ಭಾನುವಾರಗಳಲ್ಲಿ ತಾನೇ ಕಲ್ಲು ಹೊತ್ತದ್ದು ಅವಳಿಗೆ ನೆನಪಿತ್ತು. ಅವಳು ಓದಿದ್ದು, ಟೀಚರಾದದ್ದು ಎಲ್ಲ ಈ ಗೋಡೆಗಳ ಒಳಗೆ. ವಠಾರದ ಬಗ್ಗೆ ಅಪ್ಪ ಬದುಕಿರುವವರೆಗೆ ಒಂದು ಮಾತೂ ಆಡದೆ ಇದ್ದದ್ದು ಯಾಕೆಂದು ಈಗ ತಿಳಿಯಿತು. ಅವಳು ಆ ಬಾವಿ, ಆ ಕುಂಟೆ ಎಂದು ನೆನೆಸಿಕೊಳ್ಳಲು ಶುರುಮಾಡಿದರೆ ಅವನು ಎದ್ದು ಹೊರಗೆ ಹೋಗುತ್ತಿದ್ದ.

ಕುಂಟೆಪಾಳ್ಯಕ್ಕೆ ಹೋಗೋಣ ಎಂದು ಸಂಘಮಿತ್ರ ಕರೆದರೆ, ಮೂರು ದಿನ ಪಾಪಮ್ಮ ಬರುವುದಿಲ್ಲ ಎಂದಳು. ನಾಲ್ಕನೆಯ ದಿನ ಬೆಳಿಗ್ಗೆ ತಾನಾಗಿಯೇ ಸ್ನಾನ ಮಾಡಿ, ಒಳ್ಳೆಯ ಸೀರೆ ಉಟ್ಟು ಕೂತಿದ್ದಳು. ಸಂಘಮಿತ್ರಳ ಗಂಡ ವೇಣುಗೋಪಾಲ್ ಇಬ್ಬರನ್ನೂ ಕಾರಿನಲ್ಲಿ ಟೀ ಅಂಗಡಿಯವರೆಗೆ ಬಿಟ್ಟ. ಮುಂದಕ್ಕೆ ಕಾರು ಹೋಗುವ ಹಾಗಿರಲಿಲ್ಲ.

ಗಲ್ಲಿಯಲ್ಲಿ ನಡೆಯುವಾಗ ಪಾಪಮ್ಮ ಮಗಳ ತೋಳು ಹಿಡಿದು, ಪ್ರತಿ ತಿರುವಿನಲ್ಲೂ ನಿಂತು ನೋಡಿದಳು. ಇಲ್ಲಿ ಬೇವಿನ ಮರ ಇತ್ತಲ್ಲ ಎಂದಳು. ಇಲ್ಲಿ ಅಲ್ಲ, ಇನ್ನೂ ಮುಂದೆ ಎಂದು ತಾನೇ ತಿದ್ದಿಕೊಂಡಳು. ಸಂದಿನ ಬಾಯಿಗೆ ಬಂದಾಗ ಅವಳ ಮುಖ ಸಣ್ಣಗಾಯಿತು. ಮಂಡಿ ನೋವಿನ ದಪ್ಪ ಹೆಂಗಸು. ಆ ಎರಡಡಿಯಲ್ಲಿ ಅಡ್ಡ ಹೆಜ್ಜೆಯಿಟ್ಟು ಹೋಗುವುದು ಸುಲಭವಿರಲಿಲ್ಲ. ಅರ್ಧಕ್ಕೆ ನಿಂತು ಗೋಡೆಗೆ ಒರಗಿ ಉಸಿರು ತೆಗೆದುಕೊಂಡಳು. ವಾಪಸು ಹೋಗೋಣವೇ ಎಂದು ಸಂಘಮಿತ್ರ ಕೇಳುವಷ್ಟರಲ್ಲಿ ಮತ್ತೆ ಮುಂದೆ ಹೆಜ್ಜೆಯಿಟ್ಟಿದ್ದಳು.

ಸೊಣ್ಣಮ್ಮ ಅಂಗಳ ಗುಡಿಸುತ್ತಿದ್ದಳು. ಪೊರಕೆ ಹಿಡಿದೇ ನಿಂತು ನೋಡಿದಳು. ಮೇಲೆ ಯಾವುದೋ ಕಿಟಕಿಯಲ್ಲಿ ಕುಕ್ಕರು ಕೂಗಿತು.

"ಸೊಣ್ಣಕ್ಕ, ತಪ್ಪಾಯ್ತು" ಎಂದಳು ಪಾಪಮ್ಮ.

ಸೊಣ್ಣಮ್ಮ ಪೊರಕೆಯನ್ನು ಗೋಡೆಗೆ ಒರಗಿಸಿದಳು.

"ಸೈಟು ತಗೊಂಡಿದ್ದು ತಪ್ಪಲ್ಲ ಕಣೆ. ನಂಗೆ ಕೊಡ್ತೀನಿ ಅಂದಿದ್ರೆ ನಾನೂ ತಗೊಂತಿದ್ದೆ. ಹೇಳ್ದೆ ಹೋದ್ಯಲ್ಲ, ಅದು. ಹೂವು ಮಾರಿ ಬಂದು ನೋಡ್ತೀನಿ, ನಿನ್ ಬಾಗ್ಲಿಗೆ ಬೀಗ. ಮಿಕ್ಕೋರು ಹೇಳಿದ್ರೂ ನಂಬ್ದೆ, ಊರಿಗೆ ಹೋಗವ್ರೇನೋ ಅಂತ ನಾಲ್ಕು ದಿನ ನಿಮ್ಮನೆ ಮುಂದೆ ನೀರು ಹಾಕಿ ರಂಗೋಲಿ ಬಿಟ್ಟಿದೀನಿ."

ಪಾಪಮ್ಮ ನಿಂತಲ್ಲೇ ಅತ್ತಳು. ಸಂಘಮಿತ್ರ ಅವಳ ಹತ್ತಿರ ಹೋಗಬೇಕೆಂದಿದ್ದಳು, ಅಷ್ಟರಲ್ಲಿ ಸೊಣ್ಣಮ್ಮ ಬಂದು ಪಾಪಮ್ಮನ ಕೈ ಹಿಡಿದು ಹೊಸ್ತಿಲ ಮೇಲೆ ಕೂರಿಸಿದಳು. ಮಂಡಿ ಹೀಗೇಕೆ ಆಗಿದೆ, ಯಾರಿಗೆ ತೋರಿಸಿದೆ ಎಂದು ಕೇಳತೊಡಗಿದಳು. ತೋರಿಸಿದ ಡಾಕ್ಟರು ಸರಿಯಿಲ್ಲ ಎಂದಳು. ಮುನೀಂದ್ರ ಹೇಗೆ ಹೋದ ಎಂದು ಕೇಳಿದಳು. ಎದೆನೋವು, ಆಸ್ಪತ್ರೆಗೆ ಹೋಗುವ ದಾರಿಯಲ್ಲೇ ಎಂದಾಗ, ಅವನಿಗೆ ನಾನು ಮಾಡುತ್ತಿದ್ದ ಹುರುಳಿ ಬಸ್ಸಾರು ಅಂದರೆ ಪ್ರಾಣ ಎಂದಳು.

ಮಾತು ಅಲ್ಲಿಂದ ಎಲ್ಲೆಲ್ಲಿಗೋ ಹೋಯಿತು. ಒಂದನೇ ಕೋಣೆಯ ಟೈಲರು ಮುಳಬಾಗಿಲಿಗೆ ಹೋದ. ಮೂರನೆಯದರಲ್ಲಿದ್ದ ಲಾರಿ ಡ್ರೈವರಿಗೆ ಅವಳಿ ಮಕ್ಕಳಾಗಿ ಇಬ್ಬರೂ ಪೊಲೀಸಾದರು. ಐದನೆಯದರಲ್ಲಿ ಜಗಳಗಂಟಿ ಇದ್ದಳಲ್ಲ, ಅವಳು ಸತ್ತಳು. ಸತ್ತಾಗ ಸೊಣ್ಣಮ್ಮನೇ ಹಾರ ಕಟ್ಟಿಕೊಟ್ಟದ್ದು. ಇಬ್ಬರೂ ಮುಂಚಿನ ಹಾಗೆ ಒಬ್ಬರ ಮಾತಿನೊಳಗೆ ಒಬ್ಬರು ನುಗ್ಗಿ ಮಾತಾಡಿದರು. ಕೋಣೆಗಳು ಇದ್ದ ಜಾಗವನ್ನು ಕೈಯಿಂದ ತೋರಿಸುತ್ತ, ಈಗ ಅಲ್ಲಿದ್ದ ಗೋಡೆಗಳು ಇಲ್ಲವೇ ಇಲ್ಲವೆಂಬಂತೆ ಆ ಬಾಗಿಲಿನಿಂದ ಈ ಬಾಗಿಲಿಗೆ ಓಡಾಡಿದರು. ಒಗೆಯುವ ಕಲ್ಲಿನ ಮೇಲೆ ಕೂತಿದ್ದ ಸಂಘಮಿತ್ರಳಿಗೂ ಸ್ವಲ್ಪ ಹೊತ್ತು ಎಂಟೂ ಕೋಣೆ ಕಂಡವು. ಒಲೆಯ ಹೊಗೆ, ಶೀಟಿನ ಮೇಲೆ ಒಣಗಲು ಹಾಕಿದ ಹಪ್ಪಳ, ಕೆಲಸ ಮುಗಿಸಿ ಸೈಕಲ್ಲು ತಳ್ಳಿಕೊಂಡು ಒಳಗೆ ಬರುತ್ತಿದ್ದ ಅಪ್ಪ.

ಮೂವರೂ ಅಲ್ಲೇ ಉಂಡರು. ಆ ಸಂಜೆ ಸಂಘಮಿತ್ರ ನೂರ ನಲವತ್ತೆರಡನೆಯ ಮನೆಯನ್ನು ಸೇರಿಸಿ ತನ್ನ ಕೆಲಸ ಮುಗಿಸಿದಳು.

ಅಲ್ಲಿಂದ ಪಾಪಮ್ಮ ಹದಿನೈದು ದಿನಕ್ಕೊಮ್ಮೆ ಕುಂಟೆಪಾಳ್ಯಕ್ಕೆ ಹೋಗತೊಡಗಿದಳು. ಸಂದಿನಲ್ಲಿ ಅಡ್ಡ ನಡೆಯುವುದು ಅವಳಿಗೆ ರೂಢಿಯಾಯಿತು. ಒಮ್ಮೆ ದೇವರಾಜ ಎದುರಿಗೆ ಸಿಕ್ಕಿ, ಇನ್ನೊಂದಡಿ ಬಿಡಬೇಕಾಗಿತ್ತು ಅಕ್ಕ ಎಂದು ತಮಾಷೆ ಮಾಡಿದನಂತೆ. ಆದರೆ ಸೊಣ್ಣಮ್ಮ ಮಾತ್ರ ಅವರ ಮನೆಗೆ ಬರುತ್ತಿರಲಿಲ್ಲ. ಕರೆದಾಗಲೆಲ್ಲ ಹಬ್ಬದ ವ್ಯಾಪಾರ, ಮದುವೆ ಸೀಸನ್ನು ಎಂದು ಏನಾದರೂ ನೆಪ ಹೇಳುವಳು. ಪಾಪಮ್ಮ ಒತ್ತಾಯ ಮಾಡಲಿಲ್ಲ. ಬಂದರೆ ಬರುತ್ತಾಳೆ, ಬಾರದಿದ್ದರೆ ಅದೂ ಸರಿಯೇ ಎಂದಳು.

ಸಂಕ್ರಾಂತಿ ಕಳೆದ ಒಂದು ಸೋಮವಾರ ಸಂಘಮಿತ್ರ ಶಾಲೆಯಿಂದ ಬಂದಾಗ ಗೇಟಿನ ಹತ್ತಿರ ಸೊಣ್ಣಮ್ಮ ನಿಂತಿದ್ದಳು. ಒಬ್ಬಳೇ ಆಟೋ ಹಿಡಿದು, ದಾರಿ ಕೇಳಿಕೊಂಡು ಬಂದಿದ್ದಳು. ಒಳಗೆ ಬನ್ನಿ ದೊಡ್ಡಮ್ಮ ಎಂದರೆ, ಇರು ಎಂದು ಕೈಸನ್ನೆ ಮಾಡಿ ಮೊದಲು ಮನೆಯ ಸುತ್ತ ನಡೆದಳು. ಮುಂದಿನ ನುಗ್ಗೆಗಿಡ ನೋಡಿದಳು, ಹಿಂದಿನ ಬಟ್ಟೆ ತಂತಿ ನೋಡಿದಳು, ಮೂಲೆಯ ಕಲ್ಲನ್ನು ಕಾಲಿನಿಂದ ಮುಟ್ಟಿದಳು. ಪಾಪಮ್ಮ ಬಾಗಿಲಲ್ಲಿ ನಿಂತು ಅವಳನ್ನೇ ನೋಡುತ್ತಿದ್ದಳು. ಒಂದು ಸುತ್ತು ಮುಗಿಸಿ ಬಂದ ಸೊಣ್ಣಮ್ಮ ಬಾಗಿಲಲ್ಲಿ ಚಪ್ಪಲಿ ಬಿಟ್ಟಳು.

"ಗಾಳಿ ಚೆನ್ನಾಗೈತೆ ಕಣೆ ಇಲ್ಲಿ" ಎಂದಳು. "ಒಂದ್ ಲೋಟ ಕಾಪಿ ಕೊಡು. ಸಕ್ಕರೆ ಕಮ್ಮಿ."

ಪಾಪಮ್ಮ ಒಳಗೆ ಹೋದಳು. ಕಾಫಿ ಕುಡಿದ ಮೇಲೆ ಇಬ್ಬರೂ ಹಜಾರದಲ್ಲಿ ಚಾಪೆ ಹಾಸಿಕೊಂಡು ಅಡ್ಡಾದರು. ಕುಂಟೆಪಾಳ್ಯದ ಬೇವಿನ ಮರ ಬಾವಿಯ ಎಡಕ್ಕಿತ್ತೋ ಬಲಕ್ಕಿತ್ತೋ ಎಂದು ಅವರಿಗೆ ಮಾತಿಗೆ ಮಾತು ಬೆಳೆಯಿತು. ಎಡಕ್ಕೆ ಎಂದು ಒಬ್ಬಳು, ಬಲಕ್ಕೆ ಎಂದು ಇನ್ನೊಬ್ಬಳು. ನಾಳೆ ಸಿದ್ದರಾಜುವನ್ನೇ ಕೇಳೋಣ ಎಂದು ಸೊಣ್ಣಮ್ಮ, ಅವನಿಗೇನು ಗೊತ್ತು ಎಂದು ಪಾಪಮ್ಮ. ಸಂಘಮಿತ್ರ ಬಟ್ಟೆ ಬದಲಿಸಿ ಬರುವಷ್ಟರಲ್ಲಿ ಮಾತು ನಿಂತಿತ್ತು. ಇಬ್ಬರಿಗೂ ನಿದ್ದೆ ಬಂದಿತ್ತು. ಅವಳು ಫ್ಯಾನಿನ ವೇಗ ಕಡಿಮೆ ಮಾಡಿ, ಬಾಗಿಲನ್ನು ಸದ್ದಾಗದಂತೆ ಮುಂದಕ್ಕೆಳೆದಳು.